ಥಾಯ್ ರಾಕ್ ಕೇಳೋರು ಯಾರಾದ್ರೂ ಇದ್ದೀರಾ? ಬಾಡಿಸ್ಲ್ಯಾಮ್ ಬ್ಯಾಂಡಿನ ಹಾಡುಗಾರ ತೂನ್ ಬಗ್ಗೆ ಮಾತಾಡ್ಬೇಕಿತ್ತು

ತೆಂಗಿನಚಿಪ್ಪು

ಇಲ್ಲಿ ಕೊರಿಯಾದ ಹುಡುಗರ ಬಗ್ಗೆ ದಿನಕ್ಕೊಂದು ಜಗಳ ಆಗುತ್ತೆ. ಥಾಯ್ಲೆಂಡ್ ಅಂದ್ರೆ ಮಾತ್ರ ನಮ್ಮ ತಲೆಗೆ ಬರೋದು ಪಟ್ಟಾಯ, ಮಸಾಜು, ಆನೆ ಸವಾರಿ. ನಾನು ಕುಂದಾಪುರ ಕಡೆಯವನು. ಥಾಯ್ಲೆಂಡಿನಲ್ಲಿ ಆರು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದಿದ್ದೇನೆ.

ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ಶುರುವಾಗೋ ಮುಂಚೆ ಒಂದು ಗಂಟೆ ಸಿಗ್ತಿತ್ತು. ಮಜ್ಜಿಗೆಹುಲ್ಲು ಕೊಚ್ಚೋ ಹುಡುಗ ಮೊಬೈಲನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ಇಟ್ಟು ಹಾಡು ಹಾಕೋನು, ಸದ್ದು ಜೋರಾಗ್ಲಿ ಅಂತ. ಪಲ್ಲವಿ ಬಂತು ಅಂದ್ರೆ ಪಾತ್ರೆ ತೊಳೆಯೋ ಅಜ್ಜಿಯಿಂದ ಹಿಡಿದು ಎಲ್ಲರೂ ಗಂಟಲು ಬಿಚ್ಚಿ ಹಾಡೋರು. ಅಜ್ಜಿ ಸೌಟು ಹಿಡಿದು ಪಾತ್ರೆಗೆ ಬಡಿಯೋಳು, ತಾಳ ತಪ್ಪದ ಹಾಗೆ. ಯಾರಿದು ಅಂತ ಕೇಳಿದ್ರೆ "ಪೀ ತೂನ್" ಅಂದ್ರು. ಪೀ ಅಂದ್ರೆ ಅಲ್ಲಿ ಅಣ್ಣ, ಅಕ್ಕ, ಎರಡೂ. ಅಜ್ಜಿಗೂ ಅವನು ಅಣ್ಣನೇ!

ಪೂರ್ತಿ ಹೆಸರು ಆತಿವರಾ ಖೊಂಗ್‌ಮಾಲಾಯ್. ಹುಟ್ಟಿದ್ದು 1979ರ ಅಕ್ಟೋಬರ್ 6ರಂದು, ಬ್ಯಾಂಕಾಕಿನಿಂದ ನೂರು ಕಿಲೋಮೀಟರ್ ಆಚೆ ಸುಫಾನ್‌ಬುರಿಯಲ್ಲಿ. ಅದು ಭತ್ತದ ಸೀಮೆ. ಓದೋಕೆ ಬ್ಯಾಂಕಾಕಿಗೆ ಬಂದು ಸುವಾನ್ ಕುಲಾಬ್ ಶಾಲೆ ಸೇರಿದ. 1882ರಲ್ಲಿ ರಾಜ ಚುಲಾಲೊಂಗ್‌ಕೊರ್ನ್ ಶುರು ಮಾಡಿದ ಶಾಲೆ, ಅಲ್ಲಿ ಓದಿದವರು ಪ್ರಧಾನಿಗಳಾಗಿದ್ದಾರೆ. ಅಂಥ ಜಾಗದಲ್ಲಿ ಇವನು ಗೆಳೆಯರನ್ನು ಸೇರಿಸಿ ಬ್ಯಾಂಡ್ ಕಟ್ಟಿದ. ಹೆಸರು ಲಾ-ಓನ್. ಉತ್ತರ ಥಾಯ್ಲೆಂಡಿನ ಮಾತಲ್ಲಿ ಪಿಳ್ಳೆಗಳು ಅಂತ ಅರ್ಥ. 1996ರಲ್ಲಿ ಹಾಟ್ ವೇವ್ ರೇಡಿಯೊದವರು ಹೈಸ್ಕೂಲ್ ಬ್ಯಾಂಡ್‌ಗಳಿಗೆ ಮೊಟ್ಟಮೊದಲ ಸ್ಪರ್ಧೆ ಇಟ್ಟಾಗ ಈ ಪಿಳ್ಳೆಗಳೇ ಗೆದ್ದರು. ಒಂದು ಆಲ್ಬಂ ಬಂತು, ತಣ್ಣಗಾಯ್ತು. ಅವನು ಹೋಗಿ ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಮುಗಿಸಿದ.

ಕರಿಕೋಟು ಹಾಕ್ಕೊಳ್ಳೋ ಬದಲು 2002ರಲ್ಲಿ ಬಾಡಿಸ್ಲ್ಯಾಮ್ ಕಟ್ಟಿದ. ಅದು ಕುಸ್ತಿಯ ಪಟ್ಟಿನ ಹೆಸರು, ಎದುರಾಳಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸೋದು. ಮೊದಲ ಎರಡು ಆಲ್ಬಂ ಮ್ಯೂಸಿಕ್ ಬಗ್ಸ್ ಅನ್ನೋ ಸಣ್ಣ ಕಂಪನಿಯಲ್ಲಿ. ಆಮೇಲೆ ಅಲ್ಲಿನ ದೈತ್ಯ ಜಿಎಂಎಂ ಗ್ರಾಮಿಯ ಜೀನಿ ಲೇಬಲ್‌ಗೆ ಹೋದ್ರು. 2005ರಲ್ಲಿ 'ಬಿಲೀವ್' ಬಂತು. ಅಲ್ಲಿಂದ ತಿರುಗಿ ನೋಡಿಲ್ಲ. 2010ರಲ್ಲಿ 'ಖ್ರಾಮ್' ಬಂದಾಗ ಬ್ಯಾಂಕಾಕಿನ ರಾಜಮಂಗಲ ಕ್ರೀಡಾಂಗಣವನ್ನೇ ತುಂಬಿಸಿದ್ರು.

2017ರಲ್ಲಿ ಈ ಮನುಷ್ಯ ಥಾಯ್ಲೆಂಡಿನ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಓಡಿದ. ಕಾಲಲ್ಲೇ, ಸರ್ಕಾರಿ ಆಸ್ಪತ್ರೆಗಳಿಗೆ ದುಡ್ಡು ಎತ್ತೋಕೆ. ಈಗ ಹೊರಗಿನವರಿಗೆ ಅವನು ಗೊತ್ತಿರೋದೇ ಆ ಓಟದಿಂದ. ನನ್ನ ಪ್ರಕಾರ ಹಾಡು ಇಲ್ಲದಿದ್ರೆ ಆ ಓಟ ಓಟವೇ ಆಗ್ತಿರಲಿಲ್ಲ. ಯಾರಾದ್ರೂ ಕೇಳಿದ್ದೀರಾ ಅವನನ್ನ?

ರಾಗಿರಾಕ್

ಕೇಳಿದೀನಿ ಗುರು. ಬೇಜಾರಾಗ್ಬೇಡಿ, ಅದು ಚರ್ಮದ ಜಾಕೆಟ್ ಹಾಕ್ಕೊಂಡಿರೋ ಸಿನಿಮಾ ಹಾಡು. ಮೆಲ್ಲಗೆ ಶುರು, ಎರಡನೇ ನಿಮಿಷಕ್ಕೆ ಗಿಟಾರ್ ಗೋಡೆ, ಕೊನೆಗೆ ಎಲ್ಲರೂ ಕೈ ಮೇಲೆತ್ತಿ ಊಊ. ದೊಡ್ಡ ಕಂಪನಿಯ ಕಾರ್ಖಾನೆ ಮಾಲು.

ಥಾಯ್ ರಾಕ್ ಅಂದ್ರೆ ಆ್ಯಡ್ ಕಾರಾಬಾವ್. ಯುವೆನ್‌ಯೊಂಗ್ ಒಪಾಕುನ್, 1954ರಲ್ಲಿ ಹುಟ್ಟಿದೋರು. ಅವರೂ ಅದೇ ಸುಫಾನ್‌ಬುರಿಯವರು. ಫಿಲಿಪೀನ್ಸ್‌ಗೆ ಆರ್ಕಿಟೆಕ್ಚರ್ ಓದೋಕೆ ಹೋಗಿ ಅಲ್ಲಿ ಗೆಳೆಯರ ಜೊತೆ ಬ್ಯಾಂಡ್ ಶುರು ಮಾಡಿದ್ರು. ಕಾರಾಬಾವ್ ಅಂದ್ರೆ ಅಲ್ಲಿನ ಭಾಷೇಲಿ ಉಳೋ ಎಮ್ಮೆ, ಕೋಣ. ಥಾಯ್ಲೆಂಡಲ್ಲಿ ಯಾರನ್ನಾದ್ರೂ 'ಖ್ವಾಯ್' ಅಂದ್ರೆ, ಅಂದ್ರೆ ಎಮ್ಮೆ ಅಂದ್ರೆ, ಕಪಾಳಕ್ಕೆ ಬೀಳುತ್ತೆ. ಅದೇ ಬೈಗುಳಾನ ಬಾವುಟ ಮಾಡ್ಕೊಂಡು ಕೋಣದ ತಲೆಬುರುಡೆಯ ಗುರುತು ಹಿಡ್ಕೊಂಡು ಬಂದೋರು ಇವರು. 1981ರಲ್ಲಿ ಮೊದಲ ಆಲ್ಬಂ, ಹೆಸರೇ 'ಖೀ ಮಾವ್', ಕುಡುಕ. 1984ರ 'ಮೇಡ್ ಇನ್ ಥಾಯ್ಲೆಂಡ್' ಇವತ್ತಿಗೂ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು. ನಮ್ಮ ಮಾಲಿಗೆ ಪರದೇಶದ ಚೀಟಿ ಅಂಟಿಸಿದ್ರೆ ಮಾತ್ರ ಕೊಳ್ತೀರಲ್ಲ ಅಂತ ಸ್ವಂತ ಜನಾನೇ ಹಂಗಿಸೋ ಹಾಡು. ಸರ್ಕಾರದವರು ಅದನ್ನೇ ಸ್ವದೇಶಿ ಪ್ರಚಾರಕ್ಕೆ ಎತ್ಕೊಂಡ್ರು, ಅದು ಇನ್ನೊಂದು ತಮಾಷೆ.

ತೂನ್ ಬಗ್ಗೆ ಮಾತಾಡೋ ಮುಂಚೆ ಇವರ ಬಗ್ಗೆ ಮಾತಾಡ್ಬೇಕು.

ಗಿರಮಿಟ್

ತಡೀರಿ ತಡೀರಿ. ಇಂಗ್ಲೆಂಡಿನ ಫುಟ್‌ಬಾಲ್‌ನಾಗ ಕಾರಾಬಾವ್ ಕಪ್ ಅಂತ ಐತಲ್ಲ, ಅದಕ್ಕೂ ಈ ಕೋಣಕ್ಕೂ ಏನಾರ ಸಂಬಂಧ ಐತೇನು? ನಾ ಇಷ್ಟ ವರ್ಷ ಯಾವನೋ ಸಾಹುಕಾರನ ಅಡ್ಡಹೆಸರು ಅಂತ ತಿಳ್ಕೊಂಡಿದ್ದೆ.

ರಾಗಿರಾಕ್

ಅದೇ ಕೋಣ. 2002ರಲ್ಲಿ ಆ್ಯಡ್ ಒಬ್ಬ ಉದ್ಯಮಿ ಜೊತೆ ಸೇರಿ ಕಾರಾಬಾವ್ ಡಾಂಗ್ ಅಂತ ಶಕ್ತಿಪಾನೀಯ ತಂದ್ರು. ಡಾಂಗ್ ಅಂದ್ರೆ ಕೆಂಪು. ಕೆಂಪುಗೂಳಿಯ ಡಬ್ಬ, ಅದೇ ರೆಡ್ ಬುಲ್, ಗೊತ್ತಲ್ಲ, ಅದರ ಮೂಲವೂ ಥಾಯ್ಲೆಂಡೇ. ಅದಕ್ಕೆ ಎದುರಾಗಿ ಇವರ ಕೆಂಪುಕೋಣ. 2017ರಿಂದ ಇಂಗ್ಲೆಂಡಿನ ಲೀಗ್ ಕಪ್ಪಿಗೆ ಪ್ರಾಯೋಜಕರು.

ತೆಂಗಿನಚಿಪ್ಪು

@ರಾಗಿರಾಕ್ ಮಾರಾಯ್ರೆ, ತೂನ್ ಕಂಪನಿ ಮಾಲು, ಆ್ಯಡ್ ಅಪ್ಪಟ ಅಂತ ಶುರು ಮಾಡಿ ನೀವೇ ಡಬ್ಬದ ಕತೆಗೆ ಬಂದು ನಿಂತ್ರಲ್ಲ! ಬಡವರ ಹಾಡು ಹಾಡಿ ಬಡವರಿಗೇ ಸಕ್ಕರೆ ನೀರು ಮಾರಿದವರು ಅಂತ ಅಲ್ಲಿನ ಹಳೇ ಅಭಿಮಾನಿಗಳೇ ಬೈತಾರೆ. ನಮ್ಮ ಅಡುಗೆಮನೆಯಲ್ಲಿ ರಾತ್ರಿ ಪಾಳಿಯವರೆಲ್ಲ ಅದನ್ನೇ ಕುಡಿಯೋದು, ನಾನೂ ಕುಡಿದಿದ್ದೇನೆ. ಕೆಮ್ಮಿನ ಔಷಧಕ್ಕೆ ಬೆಲ್ಲ ಹಾಕಿದ ಹಾಗಿರುತ್ತೆ.

ಆ್ಯಡ್ ದೊಡ್ಡವರು ಅನ್ನೋದರಲ್ಲಿ ತಕರಾರಿಲ್ಲ. ಆದ್ರೆ ನಿಮಗೊಂದು ವಿಷಯ. ಬಾಡಿಸ್ಲ್ಯಾಮನ್ನ ದೇಶದ ಮನೆಮಾತು ಮಾಡಿದ 2005ರ ಹಾಡು 'ಖ್ವಾಮ್ ಛೂಅ', ನಂಬಿಕೆ ಅಂತ. ಅದರಲ್ಲಿ ತೂನ್ ಜೊತೆ ಹಾಡಿರೋದು ಯಾರು ಗೊತ್ತಾ? ನಿಮ್ಮ ಆ್ಯಡೇ. ನಮ್ಮ ಅಡುಗೆಮನೆ ಹಾಡೂ ಅದೇ.

ಪದಕೆದಕಿ

ಸಂಗೀತ ನನಗೆ ಅಷ್ಟಕ್ಕಷ್ಟೇ. ಹೆಸರುಗಳು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲಾಗಲಿಲ್ಲ.

'ಆತಿವರಾ' ಅಂತ ನೀವು ಬರೆದಿದ್ದನ್ನು ಥಾಯ್ ಲಿಪಿಯಲ್ಲಿ ಅಕ್ಷರ ಅಕ್ಷರ ಓದಿದರೆ ಸಿಗುವುದು ಆದಿವರಾಹ. ಹೌದು, ಬಾದಾಮಿ ಚಾಲುಕ್ಯರ ಲಾಂಛನದ ವರಾಹವೇ. ಬರೆಯುವಾಗ ಕೊನೆಯ ಹಕಾರ ಉಂಟು, ಅದರ ತಲೆಯ ಮೇಲೆ 'ಇದನ್ನು ಓದಬೇಡ' ಎನ್ನುವ ಚಿಹ್ನೆ. ಸಂಸ್ಕೃತದ ಪದವನ್ನು ಬರಹದಲ್ಲಿ ಪೂರ್ತಿ ಉಳಿಸಿಕೊಂಡು ಬಾಯಲ್ಲಿ ಅರ್ಧ ನುಂಗುವುದು ಥಾಯ್ ಜನರ ಕ್ರಮ. ಮಾಲಾಯ್ ಅಂದರೆ ಹೂಮಾಲೆ. ಸುಫಾನ್‌ಬುರಿ ನಮ್ಮ ಸುವರ್ಣಪುರಿ. ಸುವಾನ್ ಕುಲಾಬ್ ಗುಲಾಬಿ ತೋಟ, ಅಲ್ಲಿ ಪಾರಸಿಯೂ ಸೇರಿತು.

ಬಾಡಿಸ್ಲ್ಯಾಮ್‌ನ 2014ರ ಆಲ್ಬಂ ಹೆಸರು 'ಧರ್ಮಜಾತಿ'. ನಮ್ಮಲ್ಲಿ ಯಾರಾದರೂ ಈ ಹೆಸರಿನಲ್ಲಿ ಆಲ್ಬಂ ತಂದರೆ ಸಂಜೆಯೊಳಗೆ ಟಿವಿಯಲ್ಲಿ ಚರ್ಚೆ ಕೂರುತ್ತದೆ. ಥಾಯ್‌ನಲ್ಲಿ 'ಥಮ್ಮಚಾತ್' ಅಂದರೆ ಪ್ರಕೃತಿ, ನಿಸರ್ಗ, ಅಷ್ಟೇ. ಜಾತಿ ಎನ್ನುವ ಪದ ಅಲ್ಲಿ ಹುಟ್ಟು ಎಂಬ ಅರ್ಥದಿಂದ ಬೆಳೆದು ರಾಷ್ಟ್ರ ಆಗಿದೆ. ಆ್ಯಡ್ ಅವರಿಗೆ 2013ರಲ್ಲಿ ಸಿಕ್ಕ ರಾಷ್ಟ್ರೀಯ ಕಲಾವಿದ ಬಿರುದಿನಲ್ಲಿ ಇರುವುದೂ ಇದೇ 'ಚಾತ್', ಅದರ ಹಿಂದೆ 'ಸಿನ್ಲಪಿನ್', ಅಂದರೆ ಶಿಲ್ಪಿ. ಹಾಡುವವನೂ ಅಲ್ಲಿ ಶಿಲ್ಪಿಯೇ.

ಗಿರಮಿಟ್

ಆದಿವರಾಹ ಅಂತ ಹೆಸರಿಟ್ಕೊಂಡು ರಾಕ್ ಹಾಡ್ತಾನಂದ್ರ ನಾ ಇವತ್ತೇ ಕೇಳ್ತೀನಿ. ಯಾವ ಹಾಡಿಂದ ಶುರು ಮಾಡ್ಲಿ?

ತೆಂಗಿನಚಿಪ್ಪು

@ಗಿರಮಿಟ್ ನಿಮ್ಮ ಕಡೆಯವರಿಗೆ 'ಖಿದ್ ಹೋದ್' ಹಿಡಿಸಬಹುದು. 2010ರದ್ದು, 'ಖ್ರಾಮ್' ಆಲ್ಬಂನಲ್ಲಿದೆ. ಜೊತೆಗೆ ಹಾಡಿದವರು ಸಿರಿಫೊನ್ ಅಂಫಾಯ್‌ಫೊಂಗ್, ಉದೊನ್ ಥಾನಿ ಕಡೆಯ ಜನಪದ ಗಾಯಕಿ, ಮೊಲಾಮ್ ಹಾಡೋರು. ಮೊಲಾಮ್ ಅಂದ್ರೆ ಈಸಾನ್ ಸೀಮೆಯ ಹಾಡುಗಬ್ಬ ಅನ್ನಿ. ಬಿದಿರಿನ ಕೊಳವೆಗಳ ಬಾಯಿವಾದ್ಯ ಊದಿಕೊಂಡು ರಾತ್ರಿಯಿಡೀ ಹಾಡ್ತಾರೆ. ಹಾಡಿನ ಹೆಸರು ಈಸಾನ್ ಮಾತಿನದು, ನಿನ್ನ ನೆನಪಾಗ್ತಿದೆ ಅಂತ.

ಒಂದು ಹಿನ್ನೆಲೆ ಹೇಳ್ಬೇಕು. ಬ್ಯಾಂಕಾಕಿನಲ್ಲಿ ಟ್ಯಾಕ್ಸಿ ಓಡಿಸೋರು, ಕಟ್ಟಡ ಕಟ್ಟೋರು, ನಮ್ಮ ಅಡುಗೆಮನೆಯ ಮುಕ್ಕಾಲು ಮಂದಿ, ಎಲ್ಲ ಈಸಾನಿನವರು. ಅವರ ಮಾತು ಲಾವೋಸಿನವರ ಮಾತಿಗೆ ಹತ್ತಿರ. ಪೇಟೆಯವರು ಅದನ್ನ ಹಳ್ಳಿಗಮಾರರ ಮಾತು ಅಂತ ನಗೋರು. ದೇಶದ ನಂಬರ್ ಒನ್ ರಾಕ್ ಬ್ಯಾಂಡ್ ಬಂದು ಅದೇ ಮಾತಿನ ಹೆಸರಿಟ್ಟು, ಅವರದೇ ಗಾಯಕಿಯನ್ನ ಕರೆಸಿ ಹಾಡಿಸಿತು. ಮಜ್ಜಿಗೆಹುಲ್ಲಿನ ಹುಡುಗ ಈ ಹಾಡು ಬಂದಾಗ ಮಾತ್ರ ಕತ್ತಿ ಕೆಳಗಿಡೋನು.

ಪದಕೆದಕಿ

ಈಸಾನ್ ಅಂದರೆ ಈಶಾನ್ಯ. ಥಾಯ್ಲೆಂಡಿನ ಈಶಾನ್ಯ ದಿಕ್ಕಿನ ಸೀಮೆ. ಸರಿ, ಇನ್ನು ಸುಮ್ಮನಿರುತ್ತೇನೆ.

ಗಿರಮಿಟ್

ಕೇಳ್ದೆ. ಮೂರು ಸಲ. ಅಕ್ಕನ ದನಿ ಬರೂಮಟಾ ಸಾದಾ ರಾಕ್ ಅನ್ನಿಸ್ತು, ರಾಗಿರಾಕ್ ಹೇಳಿದ್ದು ಖರೆ ಐತಿ ಅನ್ಕೊಂಡೆ. ಆಕಿ ಬಾಯಿ ತೆಗೆದ್ಲು ನೋಡ್ರಿ, ಡ್ರಮ್ಮು ಗಿಟಾರು ಎಲ್ಲಾ ಹಿಂದ ಸರದು ದಾರಿ ಬಿಟ್ಟಂಗಾತು. ಸ್ವರ ಎಳೀವಾಗ ಕೊನೀಗೆ ಒಂದೀಟು ಮುರದು ಬಿಡ್ತಾಳ. ನಮ್ಮ ಕಡೆ ಗೀಗೀ ಮೇಳದಾಗ ಹಿಂದಿನವ್ರು ದನಿ ಏರಿಸಿ ಒಮ್ಮೆಲೇ ಬಿಟ್ಟಬಿಡ್ತಾರಲ್ಲ, ಹಂಗ. ನಾ ಗಿಟಾರ್ ಬಾರಿಸಾಂವ, ಆದ್ರ ಈ ಹಾಡಿನ್ಯಾಗ ಗಿಟಾರ್ ಕಡೆ ನನ್ನ ಕಿವಿ ಹೋಗ್ಲೇ ಇಲ್ಲ.

ರಾಗಿರಾಕ್

ಸುಫಾನ್‌ಬುರಿ ನೀರಲ್ಲೇ ಏನೋ ಇದೆ. ಲುಕ್ ಥುಂಗ್, ಅಂದ್ರೆ ಅವರ ಹಳ್ಳಿಹಾಡಿನ ಸಿನಿಮಾ ರೂಪ, ಅದರ ರಾಜ ಅನ್ನಿಸಿಕೊಂಡ ಸುರಾಫೊನ್ ಸೊಂಬಾತ್‌ಚರೂನ್ ಅಲ್ಲಿಯವರೇ. ರಾಣಿ ಫುಂಫುವಾಂಗ್ ದುವಾಂಗ್‌ಚಾನ್ ಬೆಳೆದಿದ್ದೂ ಅಲ್ಲೇ. 2023ರಲ್ಲಿ ಯುನೆಸ್ಕೊ ಆ ಊರಿಗೆ ಸಂಗೀತ ನಗರ ಅಂತ ಪಟ್ಟ ಕೊಡ್ತು. ತೂನ್ ಆ ಮಣ್ಣಿನವನು ಅಂತ ಒಪ್ಕೊಳ್ತೀನಿ, ಅಷ್ಟು ಮಾತ್ರ.

ಆದ್ರೆ ಆ್ಯಡ್ ಹಾಡಿದ್ದು 'ಫ್ಲೆಂಗ್ ಫೂಅ ಚೀವಿತ್', ಬದುಕಿಗಾಗಿ ಹಾಡು. ಅದರ ಬೇರು 1973ರ ಅಕ್ಟೋಬರ್ 14ರ ವಿದ್ಯಾರ್ಥಿ ದಂಗೆಯಲ್ಲಿದೆ. ಸೇನಾಡಳಿತ ಬಿತ್ತು. ಮೂರು ವರ್ಷಕ್ಕೆ, 1976ರ ಅಕ್ಟೋಬರ್ 6ರಂದು, ಥಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮಾರಣಹೋಮ ಆಯ್ತು. ಉಳಿದೋರು ಕಾಡಿಗೆ ಹೋಗಿ ಕಮ್ಯುನಿಸ್ಟರ ಜೊತೆ ಸೇರಿದ್ರು. ಕ್ಯಾರವಾನ್ ಅನ್ನೋ ಬ್ಯಾಂಡಿಗೆ ಬ್ಯಾಂಡೇ ಗಿಟಾರ್ ಹೊತ್ಕೊಂಡು ಕಾಡು ಸೇರ್ತು. 1980ರಲ್ಲಿ ಪ್ರಧಾನಿ ಪ್ರೇಮ್ ಕ್ಷಮಾದಾನ ಕೊಟ್ಟ ಮೇಲೆ ಅವರೆಲ್ಲ ಊರಿಗೆ ಬರೋ ಹೊತ್ತಿಗೆ ಕಾರಾಬಾವ್ ಕಣ್ಣು ಬಿಡ್ತಾ ಇತ್ತು. 1985ರಲ್ಲಿ ಬ್ಯಾಂಕಾಕಿನ ಹುವಾ ಮಾಕ್ ಸೈಕಲ್ ಕ್ರೀಡಾಂಗಣದಲ್ಲಿ ಇವರ ದೊಡ್ಡ ಕಛೇರಿ ನಡೀತಲ್ಲ, ಅಲ್ಲಿ ಬಂದಿದ್ದ ಜನ ನೋಡಿದ್ರೆ ಅದು ಬರೀ ಸಂಗೀತ ಅಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತೆ.

ತೂನ್ ಹುಟ್ಟಿದ್ದೂ ಅಕ್ಟೋಬರ್ 6ನೇ ತಾರೀಕೇ, ಮೂರು ವರ್ಷ ಬಿಟ್ಟು. ಅವನ ಹಾಡಲ್ಲಿ ಆ ಅಕ್ಟೋಬರ್ ಎಲ್ಲಿದೆ? ನಂಬು, ಕನಸು ಕಾಣು, ಬೀಳಬೇಡ, ಏಳು. ಬೆಳಗಿನ ಶುಭಾಶಯದ ಚಿತ್ರಗಳ ಹಾಗೆ.

ತೆಂಗಿನಚಿಪ್ಪು

ಬೆಳಗಿನ ಶುಭಾಶಯದ ಚಿತ್ರ ನೋಡಿ ಯಾರೂ ಜೇಬಿಗೆ ಕೈ ಹಾಕಲ್ಲ ಮಾರಾಯ್ರೆ. ಇವನಿಗೆ ಹಾಕಿದ್ರು. ನಾನು ಕಣ್ಣಾರೆ ಕಂಡಿದ್ದು ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲ ಓಟ 2016ರ ಡಿಸೆಂಬರಿನಲ್ಲಿ. ಪ್ರಚುವಪ್ ಖೀರಿಖನ್ ಪ್ರಾಂತ್ಯದಲ್ಲಿ ಬಾಂಗ್ ಸಫಾನ್ ಅಂತ ಸಣ್ಣ ಊರು, ಅಲ್ಲೊಂದು ಸರ್ಕಾರಿ ಆಸ್ಪತ್ರೆ. ಉಪಕರಣ ಸಾಲದು ಅಂತ ಗೊತ್ತಾಗಿ ಬ್ಯಾಂಕಾಕಿನಿಂದ ಅಲ್ಲಿಗೆ 400 ಕಿಲೋಮೀಟರ್ ಹತ್ತು ದಿನದಲ್ಲಿ ಓಡಿದ. ಆರು ಕೋಟಿ ಬಾತ್‌ಗೂ (ಬಾತ್ ಅಂದ್ರೆ ಅಲ್ಲಿನ ದುಡ್ಡು) ಮೇಲೆ ಬಂತು. ಮರುತಿಂಗಳೇ ಮಳೆ ಬಂದು ಆ ಆಸ್ಪತ್ರೆಗೆ ನೀರು ನುಗ್ಗಿತು, ಹಾಸಿಗೆ ಸಮೇತ ರೋಗಿಗಳನ್ನ ಸಾಗಿಸಬೇಕಾಯ್ತು. ಟಿವಿಯಲ್ಲಿ ನೋಡಿ ನಮ್ಮ ಅಜ್ಜಿ ಅತ್ತೇಬಿಟ್ಟಿದ್ದಳು.

ಎರಡನೇದು ದೊಡ್ಡದು. 'ಕಾವ್ ಖೊನ್ ಲಾ ಕಾವ್', ಒಬ್ಬೊಬ್ಬರದು ಒಂದೊಂದು ಹೆಜ್ಜೆ. 2017ರ ನವೆಂಬರ್ 1ಕ್ಕೆ ಮಲೇಷ್ಯಾ ಗಡಿಯ ಬೆತೊಂಗ್‌ನಲ್ಲಿ ಶುರು. ರಾಜ ಭೂಮಿಬೋಲರ ಅಂತ್ಯಸಂಸ್ಕಾರ ಮುಗಿದು ಒಂದು ವಾರವೂ ಆಗಿರಲಿಲ್ಲ, ದೇಶ ವರ್ಷಪೂರ್ತಿ ಕಪ್ಪು ಬಟ್ಟೆ ಉಟ್ಟು ಆಗಷ್ಟೇ ಬಿಚ್ಚಿತ್ತು. 11 ಆಸ್ಪತ್ರೆ, 70 ಕೋಟಿ ಬಾತ್ ಗುರಿ. ಲೆಕ್ಕ ಸರಳ. ದೇಶದ ಜನ ಸುಮಾರು ಏಳು ಕೋಟಿ, ತಲೆಗೆ ಹತ್ತು ಬಾತ್ ಕೊಟ್ರೆ ಸಾಕು.

ನಾನು ಆಗ ಪ್ರಚುವಪ್ ಕಡೆಯ ಹೋಟೆಲಿಗೆ ಬದಲಾಗಿದ್ದೆ. ಥಾಯ್ಲೆಂಡಿನ ಕುತ್ತಿಗೆ ಅದು. ತೀರಾ ಕಿರಿದಾದ ಕಡೆ ಸಮುದ್ರಕ್ಕೂ ಬರ್ಮಾ ಗಡಿಗೂ ನಡುವೆ 11 ಕಿಲೋಮೀಟರ್ ಅಷ್ಟೇ. ಉತ್ತರಕ್ಕೆ ಹೋಗೋನು ಆ ಹೆದ್ದಾರಿಯಲ್ಲೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಸುತ್ತಲಿನ ಊರುಗಳೆಲ್ಲ ರಸ್ತೆ ಬದಿಗೆ ಬಂದು ನಿಂತಿದ್ವು. ಶಾಲೆ ಮಕ್ಕಳನ್ನ ಸಾಲಾಗಿ ಕೂರಿಸಿದ್ರು. ಪಕ್ಕದಲ್ಲೊಬ್ಬಳು ಅನಾನಸ್ ಮಾರೋ ಹೆಂಗಸು, ತಲೆಗೆ ಸುತ್ತಿದ ಬಟ್ಟೆ ಹಾಗೇ ಇದೆ, ಕೈಯಲ್ಲಿ ಮಣ್ಣಿನ ಹಂದಿ ಹುಂಡಿ. ಒಡೆದಿರಲಿಲ್ಲ. ಹುಂಡಿ ಸಮೇತ ಕೊಡೋಕೆ ತಂದಿದ್ದಳು.

ಮೊದಲು ಪೊಲೀಸ್ ಗಾಡಿ ಬಂತು, ಆಮೇಲೆ ಸೈಕಲ್ಲಿನವರು, ಆಮೇಲೆ ಒಂದು ಗುಂಪು. ಅದರ ನಡುವೆ ಇವನು. ನಾನು ಪೋಸ್ಟರಲ್ಲಿ ನೋಡಿದ್ದ ಮುಖ ಅಲ್ಲ ಅದು. ಸಣಕಲು ಮೈ, ಬಿಸಿಲಿಗೆ ಕಪ್ಪಾಗಿದ್ದ ಅಂದ್ರೆ ನಮ್ಮೂರಿನ ದೋಣಿಯವರ ಹಾಗೆ. ಓಟ ಅಂತೀವಿ, ಅಲ್ಲಿ ಓಡೋಕೆ ಜಾಗ ಎಲ್ಲಿತ್ತು? ನಾಲ್ಕು ಹೆಜ್ಜೆಗೊಮ್ಮೆ ಯಾರೋ ಕೈ ಚಾಚ್ತಾರೆ, ನಿಲ್ತಾನೆ, ಇಪ್ಪತ್ತು ಬಾತ್‌ನ ಹಸಿರು ನೋಟು ತಗೊಳ್ತಾನೆ, ಕೈ ಮುಗೀತಾನೆ, ಮತ್ತೆ ಓಡ್ತಾನೆ. ಅನಾನಸ್ ಹೆಂಗಸಿನ ಹತ್ರ ಬಂದಾಗ ಹುಂಡಿ ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದ. ಅವಳು ಉತ್ತರ ಕೊಡಲಿಲ್ಲ, ಹಾಡಿದಳು. ಅದೇ 'ಖ್ವಾಮ್ ಛೂಅ', ಬೇಸುರಾಗಿ. ಹಿಂದಿನವರೂ ಹಿಡ್ಕೊಂಡ್ರು. ಅವನು ಒಂದು ಸಾಲು ಕೂಡ ಹಾಡಲಿಲ್ಲ, ಉಸಿರಿರಲಿಲ್ಲ ಅನ್ಸುತ್ತೆ.

ಹನ್ನೆರಡು ವರ್ಷದಿಂದ ಬಾಯಲ್ಲಿದ್ದ ಹಾಡಿಗೆ ಅವತ್ತು ಬಾಕಿ ಕೊಟ್ಟ ಹಾಗಿತ್ತು. ನಾನೂ ನೂರು ಬಾತ್ ಕೊಟ್ಟೆ. ಎರಡು ದಿನದ ಊಟದ ದುಡ್ಡು.

ಡಿಸೆಂಬರ್ 25ಕ್ಕೆ ಬರ್ಮಾ ಗಡಿಯ ಮೇ ಸಾಯ್ ಮುಟ್ಟಿದ. 55 ದಿನ, 2,215 ಕಿಲೋಮೀಟರ್. ಗುರಿ 70 ಕೋಟಿ ಇದ್ದದ್ದು 120 ಕೋಟಿ ದಾಟಿತ್ತು.

ನಿಧಾನಓಟ

ಈ ಚರ್ಚೆ ತಡವಾಗಿ ಕಣ್ಣಿಗೆ ಬಿತ್ತು. ನಾನು ಮೈಸೂರಿನವಳು, ವರ್ಷಕ್ಕೊಂದು ಮ್ಯಾರಥಾನ್ ಓಡ್ತೀನಿ, ಓಡಿದ ಮೇಲೆ ಮೂರು ದಿನ ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳೀತೀನಿ.

2,215ನ್ನ 55ರಿಂದ ಭಾಗಿಸಿ ನೋಡಿ. ದಿನಕ್ಕೆ 40 ಕಿಲೋಮೀಟರ್ ಮೇಲೆ, ಅದೂ ವಿಶ್ರಾಂತಿ ದಿನಗಳನ್ನೂ ಸೇರಿಸಿದ ಸರಾಸರಿ. ಅಂದ್ರೆ ಓಡಿದ ದಿನಗಳಲ್ಲಿ ಮ್ಯಾರಥಾನಿಗಿಂತ ಹೆಚ್ಚು. ಕಾಲಿನ ನೋವಿಗಿಂತ ದೊಡ್ಡ ಕಷ್ಟ ನಿಂತು ನಿಂತು ಓಡೋದು. ಒಂದು ಲಯ ಹಿಡಿದರೆ ಮೈ ತಾನಾಗಿ ಹೋಗುತ್ತೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಕೈ ಮುಗಿದು ಮತ್ತೆ ಶುರು ಮಾಡಿದರೆ ಮಂಡಿ, ಕಣಕಾಲು, ಸೊಂಟ ಎಲ್ಲಾ ಹಿಡ್ಕೊಳ್ತವೆ. ನೀವು ಹೇಳಿದ ಹಾಗೆ ಎಲ್ಲರ ಹತ್ರ ನಿಂತಿದ್ರೆ ಅದು ಓಟಕ್ಕಿಂತ ಕಠಿಣ.

ಹಾಡುಗಾರ ಅನ್ನೋದು ಇಲ್ಲಿ ಸಹಾಯಕ್ಕೆ ಬಂದಿರಬಹುದು. ಉಸಿರು ಅವರ ಕಸುಬೇ ಅಲ್ವಾ.

ಕೇಸ್‌ಶೀಟು

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯ. ಇಡೀ ಚರ್ಚೆ ಓದಿದೆ. ತೂನ್ ಅವರ ಬಗ್ಗೆ ಗೌರವವಿದೆ, ಆದರೂ ಮುಜುಗರವಾಗುತ್ತಿದೆ.

ಥಾಯ್ಲೆಂಡಿನದು ಲೋಕವೇ ಹೊಗಳುವ ಆರೋಗ್ಯ ವ್ಯವಸ್ಥೆ. 2002ರಲ್ಲಿ 30 ಬಾತ್ ಯೋಜನೆ ತಂದರು, ಯಾವ ಬಡವನೂ 30 ಬಾತ್ ಕೊಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ರೋಗಿಗಳ ಸಂಖ್ಯೆ ಏರಿತು, ಹಣ ಅದಕ್ಕೆ ತಕ್ಕಂತೆ ಏರಲಿಲ್ಲ. ತೂನ್ ಓಡಿದ ಅದೇ 2017ರ ಏಪ್ರಿಲ್‌ನಲ್ಲಿ ಅಲ್ಲಿನ ಸೇನಾ ಸರ್ಕಾರ ಚೀನಾದಿಂದ ಒಂದು ಜಲಾಂತರ್ಗಾಮಿ ಕೊಳ್ಳಲು 1,350 ಕೋಟಿ ಬಾತ್ ಮಂಜೂರು ಮಾಡಿತ್ತು. ಒಬ್ಬ ಗಾಯಕ ಮೊಣಕಾಲು ಸವೆಸಿ ತಂದದ್ದರ ಹತ್ತು ಪಟ್ಟಿಗಿಂತ ಹೆಚ್ಚು. ಮುಗುಳ್ನಗುತ್ತ ಅವರನ್ನು ಬರಮಾಡಿಕೊಂಡ ಪ್ರಧಾನಿಯೂ ಅದೇ ಸರ್ಕಾರದವರು.

ಇನ್ನೊಂದು, ಸ್ವಂತ ಅನುಭವ. ನಾನು ಹಿಂದೆ ಇದ್ದ ಕಡೆ ದಾನಿಗಳು ಒಂದು ಯಂತ್ರ ಕೊಟ್ಟರು. ಫೋಟೊ, ಹಾರ, ರಿಬ್ಬನ್ ಎಲ್ಲ ಆಯಿತು. ಅದನ್ನು ನಡೆಸುವ ತಂತ್ರಜ್ಞನ ಹುದ್ದೆ ಮಾತ್ರ ಯಾರೂ ದಾನ ಕೊಡಲಿಲ್ಲ. ಎರಡು ವರ್ಷ ಅದು ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು, ಮೇಲೆ ನಮ್ಮ ನರ್ಸುಗಳು ರಿಜಿಸ್ಟರ್ ಇಡುತ್ತಿದ್ದರು. ಯಂತ್ರಕ್ಕೆ ಓಡುವವರು ಸಿಗುತ್ತಾರೆ. ಸಂಬಳಕ್ಕೆ ಯಾರು ಓಡುತ್ತಾರೆ?

ರಾಗಿರಾಕ್

ಇದನ್ನೇ ನಾನು ಹೇಳೋಕೆ ಹೊರಟಿದ್ದು. 1990ರಲ್ಲಿ ಸೂಬ್ ನಾಖಸತಿಯೆನ್ ಅನ್ನೋ ಅರಣ್ಯಾಧಿಕಾರಿ, ಹುವಾಯ್ ಖಾ ಖೇಂಗ್ ಕಾಡನ್ನ ಕಳ್ಳಬೇಟೆಯಿಂದ ಉಳಿಸೋಕೆ ಹೋರಾಡಿ, ಮೇಲಿನೋರು ಕಿವಿಗೊಡದೆ, ಪ್ರಾಣ ಕಳ್ಕೊಂಡ್ರು. ಆ್ಯಡ್ ಆ ಸಾವಿನ ಮೇಲೆ ಹಾಡು ಕಟ್ಟಿದ್ರು. ಮರುವರ್ಷ ಆ ಕಾಡು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರ್ತು. ಹಾಡಿಂದಲೇ ಸೇರ್ತು ಅಂತ ಹೇಳ್ತಿಲ್ಲ. ಯಾಕೆ ಹೀಗಾಯ್ತು ಅಂತ ಆ್ಯಡ್ ಕೇಳಿದ್ರು. ತೂನ್ ಹುಂಡಿ ಹಿಡಿದ.

ತೆಂಗಿನಚಿಪ್ಪು

@ಕೇಸ್‌ಶೀಟು ಡಾಕ್ಟ್ರೇ, ನೀವು ಹೇಳಿದ ಜಲಾಂತರ್ಗಾಮಿ ಲೆಕ್ಕ ಅಲ್ಲೂ ಆಗ ಎಲ್ಲರ ಬಾಯಲ್ಲಿತ್ತು. ತೂನ್ ಮಾತ್ರ ಸರ್ಕಾರದ ಮೇಲೆ ಬೆರಳು ತೋರಿಸಲಿಲ್ಲ. ಅದು ಜಾಣತನವೋ ಹೆದರಿಕೆಯೋ, ನನಗೂ ಆಗಾಗ ಅನುಮಾನ ಬರುತ್ತೆ. ಸೇನೆ ಆಳ್ತಿದ್ದ ಕಾಲ, ಬಾಯಿ ಬಿಟ್ಟಿದ್ರೆ ಬೆತೊಂಗ್‌ನಲ್ಲೇ ಓಟ ನಿಲ್ತಿತ್ತೋ ಏನೋ. ಯಂತ್ರದ ಮೇಲೆ ರಿಜಿಸ್ಟರ್ ಇಡೋ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ.

@ರಾಗಿರಾಕ್ ಅವನು ಪ್ರಶ್ನೆ ಕೇಳಲಿಲ್ಲ, ನಿಜ. ಆದ್ರೆ ಅವನು ಓಡಿದ ಮೇಲೆ ದೇಶದ ಪ್ರತಿ ಚಹಾ ಅಂಗಡಿಯಲ್ಲೂ ಜನ ಅದೇ ಪ್ರಶ್ನೆ ಕೇಳಿದ್ರು, ನಮ್ಮ ಆಸ್ಪತ್ರೆಗೆ ದುಡ್ಡು ಕೊಡೋಕೆ ಹಾಡುಗಾರ ಯಾಕೆ ಓಡ್ಬೇಕು ಅಂತ. ಅದಕ್ಕೆ ಮುಂಚೆ ಆಸ್ಪತ್ರೆಯ ಬಡ್ಜೆಟ್ಟಿನ ಮಾತನ್ನ ನಮ್ಮ ಅಡುಗೆಮನೆಯಲ್ಲಿ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಕೇಸ್‌ಶೀಟು

ಅದು ಸರಿ. ಜನ ಕೇಳುವಂತಾದರೆ ಓಟಕ್ಕೆ ಬೆಲೆ ಬಂತು ಅನ್ನಬಹುದು. ಆದರೂ ಪ್ಲಾಸ್ಟಿಕ್ ಹೊದಿಕೆ ನನ್ನ ಕಣ್ಣಿನಿಂದ ಹೋಗುವುದಿಲ್ಲ.

ನಿಧಾನಓಟ

ಈ ಓಟದ ಮೇಲೆ ಸಾಕ್ಷ್ಯಚಿತ್ರ ಬಂದಿದೆ, 2018ರಲ್ಲಿ. ಹೆಸರಿನಲ್ಲೇ 2,215 ಇದೆ. ಓಟಗಾರರು ನೋಡಿ. ಹೊಗಳಿಕೆಯ ಭಾಗ ಓಡಿಸಿಬಿಡಿ, ಕಾಲಿಗೆ ಮಂಜುಗಡ್ಡೆ ಹಾಕೋ ಭಾಗ ನೋಡಿ.

ಗಿರಮಿಟ್

ನಾ ನಡುವ ಬಾಯಿ ಹಾಕ್ತೀನಿ. ಈ ಎಲ್ಲಾ ಓಟದ ಗದ್ದಲದಾಗ ಅಂವ ಹಾಡೂದು ಬಿಟ್ಟನೇನು?

ತೆಂಗಿನಚಿಪ್ಪು

ಬಿಟ್ಟಿಲ್ಲ. 2019ರಲ್ಲಿ 'ವಿಚಾ ತುವಾ ಬಾವ್' ಅಂತ ಆಲ್ಬಂ ಬಂತು. ಪದಕೆದಕಿಯವರು ಕಾಯ್ತಾ ಇರ್ತಾರೆ, ನಾನೇ ಹೇಳಿಬಿಡ್ತೇನೆ: ವಿಚಾ ಅಂದ್ರೆ ವಿದ್ಯೆ. ಮೈ ಹಗುರ ಮಾಡಿಕೊಳ್ಳೋ ವಿದ್ಯೆ. ಚೀನಾದ ಕತ್ತಿ ಕತೆಗಳಲ್ಲಿ ಮಾಡಿನ ಮೇಲೆ ಹಾರ್ತಾರಲ್ಲ, ಆ ವಿದ್ಯೆಗೆ ಅಲ್ಲಿ ಹಾಗಂತಾರೆ. ಅಷ್ಟು ಓಡಿದವನು ಇಟ್ಟ ಹೆಸರು. ಓಟದಲ್ಲಿ ಜೊತೆಗೇ ಓಡಿದ್ದ ನಟಿ ರಚವಿನ್ ಅವರನ್ನ ಮದುವೆಯಾದ. ಮಗ ಇದ್ದಾನೆ.

ಪದಕೆದಕಿ

ಕಾಯುತ್ತಿದ್ದೆ. ಕಸಿದುಕೊಂಡಿರಿ.

ರಾಗಿರಾಕ್

ನಿನ್ನೆ ರಾತ್ರಿ ಹಟಕ್ಕೆ ಬಿದ್ದು 'ಖ್ವಾಮ್ ಛೂಅ' ಪೂರ್ತಿ ಕೇಳ್ದೆ, ಹೆಡ್‌ಫೋನ್ ಹಾಕ್ಕೊಂಡು. ತೂನ್ ಭಾಗಕ್ಕೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ್ಯಡ್ ದನಿ ಬರುತ್ತಲ್ಲ, ಒಣ ಸೌದೆ ಸೀಳಿದ ಹಾಗೆ, ಅಲ್ಲಿ ಹುಡುಗ ಹಿಂದೆ ಸರಿದು ದೊಡ್ಡವರಿಗೆ ಜಾಗ ಬಿಟ್ಟಿದ್ದಾನೆ. 'ಖಿದ್ ಹೋದ್'ನಲ್ಲಿ ಆ ಅಕ್ಕನಿಗೆ ಬಿಟ್ಟ ಹಾಗೇನೇ. ಗಿರಮಿಟ್ ಹೇಳಿದ್ದು ಈಗ ಅರ್ಥ ಆಯ್ತು. ದೇಶದ ದೊಡ್ಡ ಸ್ಟಾರು ತನ್ನ ಹಾಡಲ್ಲೇ ಬೇರೆಯೋರಿಗೆ ಜಾಗ ಮಾಡಿಕೊಡ್ತಾನೆ ಅಂದ್ರೆ ಅದನ್ನ ಮೆಚ್ಚಬೇಕು. ರಾಕ್ ಅಂತ ಮಾತ್ರ ಒಪ್ಪಲ್ಲ.

ಚಿಪ್ಪು ಅವರೇ, ಪಲ್ಲವೀನ ಕನ್ನಡ ಅಕ್ಷರದಲ್ಲಿ ಬರೆದುಕೊಡ್ತೀರಾ? ಜೊತೆಗೆ ಹಾಡೋಣ ಅಂದ್ರೆ ನಾಲಿಗೆ ತಿರುಗ್ತಿಲ್ಲ.

ತೆಂಗಿನಚಿಪ್ಪು

ನಂಗೂ ಅರ್ಧ ಬಾಯಿಪಾಠ, ಅರ್ಧ ಗೊಣಗಾಟ. ಮಜ್ಜಿಗೆಹುಲ್ಲಿನ ಹುಡುಗನಿಗೆ ಮೆಸೇಜ್ ಹಾಕಿದ್ದೆ, ಮೆಲ್ಲಗೆ ಹಾಡಿ ಕಳಿಸು ಅಂತ. ಈಗ ಅವನು ಖೊನ್ ಖೇನ್‌ನಲ್ಲಿ ಸ್ವಂತ ನೂಡಲ್ಸ್ ಅಂಗಡಿ ಇಟ್ಟಿದ್ದಾನೆ. ಧ್ವನಿ ಕಳಿಸಿದ್ದಾನೆ, ಮೆಲ್ಲಗೆ ಏನೂ ಇಲ್ಲ. ಹಿಂದೆ ಗಿರಾಕಿಗಳೂ ಹಾಡ್ತಿದ್ದಾರೆ, ಯಾರೋ ಪಾತ್ರೆ ಬಡೀತಿದ್ದಾರೆ. ಒಂದಕ್ಷರ ಬಿಡಿಸಿ ಬರೆಯೋಕಾಗ್ತಿಲ್ಲ. ಭಾನುವಾರ ಕೂತು ನೋಡ್ತೇನೆ.